ಫಾಯಿಲ್‌ನಿಂದ ಬಿಡಿಸಿದ ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಇಡಬಹುದೇ?

ಪ್ರಶ್ನೆ ಕೇಳಿದವರು: ನೂಲುಮನೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಕುಟುಂಬ. ಘಟಕವು ಮನೆಯ ಹಿಂಬದಿಗೆ ಹೊಂದಿಕೊಂಡೇ ಇರುವುದರಿಂದ, ಗೂಡು ಬೇಯಿಸುವ ನೀರಿನ ಹಬೆಯಿಂದ ಅಡುಗೆಮನೆಯ ಗೋಡೆ ಬೆಳಗಿನಿಂದ ಸಂಜೆಯವರೆಗೂ ತೇವವಾಗಿಯೇ ಇರುತ್ತದೆ. ಈ ವಿವರವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ.

ಮೂರು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಯಿತು. ಅಂದಿನಿಂದ ಅವರು ರಕ್ತದೊತ್ತಡಕ್ಕೆ ಆಮ್ಲೋಡಿಪಿನ್, ರಕ್ತ ಹೆಪ್ಪುಗಟ್ಟದಿರಲು 75 ಮಿಲಿಗ್ರಾಂ ಆಸ್ಪಿರಿನ್ ಮತ್ತು ಫಿಟ್ಸ್ ಮರುಕಳಿಸದಿರಲು ಸೋಡಿಯಂ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದಾರೆ. ಅವರ ಬಲಗೈ ಬೆರಳುಗಳಿಗೆ ಈಗಲೂ ಪೂರ್ತಿ ಹಿಡಿತ ಬಂದಿಲ್ಲ. ಫಾಯಿಲ್ ಒಡೆದು ಮಾತ್ರೆ ತೆಗೆಯಲು ಹೋದರೆ ಅದು ನೆಲಕ್ಕೆ ಬೀಳುತ್ತದೆ, ಇಲ್ಲವೇ ಎರಡು ತುಂಡಾಗುತ್ತದೆ. ನಾನು ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋದರೆ ಹರಾಜು ಮುಗಿಸಿಕೊಂಡು ಬರುವಷ್ಟರಲ್ಲಿ ಅವರ ಮಾತ್ರೆಯ ಹೊತ್ತು ಮೀರಿರುತ್ತದೆ. ಆದ್ದರಿಂದ ವಾರದ ಏಳು ದಿನಗಳಿಗೂ ದಿನಕ್ಕೆ ನಾಲ್ಕು ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು, ಪ್ರತಿ ಭಾನುವಾರ ರಾತ್ರಿ ವಾರಕ್ಕಾಗುವಷ್ಟು ಮಾತ್ರೆಗಳನ್ನು ನಾನೇ ಬಿಡಿಸಿ ತುಂಬಿಡುತ್ತಿದ್ದೆ.

ಕಳೆದ ಶುಕ್ರವಾರ ಡಬ್ಬಿ ತೆರೆದಾಗ ವ್ಯಾಲ್ಪ್ರೊಯೇಟ್ ಮಾತ್ರೆ ಬೆವರಿದಂತೆ ಜಿಗುಟಾಗಿ, ಅದೇ ಖಾನೆಯಲ್ಲಿದ್ದ ಆಸ್ಪಿರಿನ್‌ಗೆ ಅಂಟಿಕೊಂಡಿತ್ತು. ಆಸ್ಪಿರಿನ್‌ನಿಂದ ವಿನಿಗರ್‌ನಂತಹ ಹುಳಿ ವಾಸನೆ ಬರುತ್ತಿತ್ತು. ಆಮ್ಲೋಡಿಪಿನ್ ಮಾತ್ರ ಹೇಗಿತ್ತೋ ಹಾಗೆಯೇ ಕಾಣುತ್ತಿತ್ತು. ನಾನು ಗಾಬರಿಯಿಂದ ವೈದ್ಯರಿಗೆ ಫೋನ್ ಮಾಡಿದೆ. ಅವರು ಆ ಡಬ್ಬಿಯಲ್ಲಿದ್ದ ಎಲ್ಲವನ್ನೂ ಬಿಟ್ಟು, ಅಂದಿನಿಂದಲೇ ಫಾಯಿಲ್ ಒಡೆಯದ ಹೊಸ ಮಾತ್ರೆ ಪಟ್ಟಿಯಿಂದ ಕೊಡುವಂತೆ ಹೇಳಿದರು. ಹಾಗೆಯೇ ಮಾಡಿದ್ದೇನೆ.

ಈಗ ಮೂರೂ ಪಟ್ಟಿಗಳನ್ನು ಮುಂದಿಟ್ಟುಕೊಂಡು ನೋಡುತ್ತಿದ್ದೇನೆ. ಆಮ್ಲೋಡಿಪಿನ್‌ಗೆ ಮುಂಭಾಗ ಪ್ಲಾಸ್ಟಿಕ್, ಹಿಂಭಾಗ ತೆಳುವಾದ ಬೆಳ್ಳಿಬಣ್ಣದ ಹಾಳೆ. ಆಸ್ಪಿರಿನ್‌ಗೆ ಎರಡೂ ಕಡೆ ಮೃದುವಾದ ಫಾಯಿಲ್, ಸುತ್ತಲೂ ಚೌಕಳಿಯಂತೆ ಒತ್ತಿದ ಅಂಚು. ವ್ಯಾಲ್ಪ್ರೊಯೇಟ್‌ಗೆ ಎರಡೂ ಕಡೆ ದಪ್ಪ ಫಾಯಿಲ್, ಮಾತ್ರೆಗಿಂತ ಎರಡು ಪಟ್ಟು ಅಗಲದ ಗುಳಿ. ಈ ವ್ಯತ್ಯಾಸಕ್ಕೆ ನಿಜವಾದ ಕಾರಣವಿದೆಯೇ, ಅಥವಾ ಬೆಲೆಗೆ ತಕ್ಕಂತೆ ಹೊದಿಕೆಯೇ? ಪಟ್ಟಿಯ ಮೇಲೆ ಅಚ್ಚಾಗಿರುವ ಅವಧಿ ಮುಗಿಯುವ ದಿನಾಂಕವು ಬಿಡಿಸಿಟ್ಟ ಮಾತ್ರೆಗೂ ಅನ್ವಯಿಸುತ್ತದೆಯೇ? ಬಿಡಿಸದೆ ಇದ್ದರೆ ತಂದೆಯವರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ತಲುಪಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಪ್ಯಾಕಿಂಗ್ ವಿಭಾಗದ ನಿವೃತ್ತ, ತುಮಕೂರು

ಮಾನ್ಯರೇ, ಬೆಂಗಳೂರಿನ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಈಗ ತುಮಕೂರಿನಲ್ಲಿ ವಿಶ್ರಾಂತಿಯಲ್ಲಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆ ದಿನಾಂಕವು ಬಿಡಿಸಿಟ್ಟ ಮಾತ್ರೆಗೆ ಅನ್ವಯಿಸುವುದಿಲ್ಲ. ಔಷಧವೊಂದರ ಬಾಳಿಕೆಯನ್ನು ನಿರ್ಧರಿಸುವಾಗ ಬರಿಯ ಮಾತ್ರೆಯನ್ನು ಪರೀಕ್ಷೆಗೆ ಇಡುವುದಿಲ್ಲ. ಮಾರುಕಟ್ಟೆಗೆ ಹೋಗುವ ಹೊದಿಕೆಯಲ್ಲಿಯೇ ಸೀಲು ಮಾಡಿದ ಮಾತ್ರೆಯನ್ನು ನಿಯಂತ್ರಿತ ಕೋಣೆಗಳಲ್ಲಿ ಇರಿಸುತ್ತಾರೆ. ನಮ್ಮ ದೇಶದ ಹವೆಗೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 70ರ ಆರ್ದ್ರತೆಯಲ್ಲಿ ದೀರ್ಘಕಾಲದ ಪರೀಕ್ಷೆ, 40 ಡಿಗ್ರಿ ಮತ್ತು ಶೇ 75ರ ಆರ್ದ್ರತೆಯಲ್ಲಿ ಆರು ತಿಂಗಳ ತೀವ್ರ ಪರೀಕ್ಷೆ ನಡೆಯುತ್ತವೆ. ಅಲ್ಲಿ ತೇರ್ಗಡೆಯಾಗುವುದು ಮಾತ್ರೆ ಮತ್ತು ಹೊದಿಕೆ ಎರಡೂ ಕೂಡಿದ ಒಂದೇ ವಸ್ತು. ಹೊದಿಕೆ ಹರಿದ ಕ್ಷಣದಿಂದ ಆ ದಿನಾಂಕಕ್ಕೆ ಆಧಾರವೇ ಇರುವುದಿಲ್ಲ.

ಇನ್ನು ನಿಮ್ಮ ಮುಂದಿರುವ ಮೂರು ಪಟ್ಟಿಗಳ ವಿಷಯ.

ಮೊದಲನೆಯದು ಬ್ಲಿಸ್ಟರ್. ಸುಮಾರು 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್ ದಪ್ಪದ ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಯ ಸುರುಳಿಯನ್ನು ಯಂತ್ರದಲ್ಲಿ ಬಿಸಿ ಮಾಡಿ ಮೆತ್ತಗಾಗಿಸಿ, ಗಾಳಿಯ ಒತ್ತಡದಿಂದ ಅದರಲ್ಲಿ ಗುಳಿಗಳನ್ನು ಮೂಡಿಸುತ್ತಾರೆ. ಗುಳಿಗಳಿಗೆ ಮಾತ್ರೆ ಬಿದ್ದ ಮೇಲೆ, 20ರಿಂದ 25 ಮೈಕ್ರಾನ್‌ನ ಅಲ್ಯೂಮಿನಿಯಂ ಹಾಳೆಯನ್ನು ಮೇಲೆ ಹೊದಿಸಿ ಬಿಸಿ ಫಲಕದಿಂದ ಒತ್ತಿ ಅಂಟಿಸುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆದರೆ ಈ ಹಾಳೆ ಎಷ್ಟು ತೆಳು ಎಂಬುದು ತಿಳಿಯುತ್ತದೆ. ಅಷ್ಟು ತೆಳುವಾದರೂ ಅದನ್ನು ಗಡಸಾಗಿಯೇ ಉಳಿಸಿರುತ್ತಾರೆ, ಏಕೆಂದರೆ ಹೆಬ್ಬೆರಳಿನಿಂದ ಒತ್ತಿದಾಗ ಅದು ಹಿಗ್ಗದೆ ಪಟ್ಟನೆ ಒಡೆಯಬೇಕು. ಹಾಳೆಯ ಒಳಮೈಗೆ ಶಾಖ ತಗುಲಿದಾಗ ಪಿವಿಸಿಗೆ ಅಂಟುವ ಲ್ಯಾಕರ್ ಲೇಪನವಿರುತ್ತದೆ. ಆ ಲೇಪನದಿಂದಾಗಿ ಮಾತ್ರೆಗೆ ಲೋಹ ನೇರವಾಗಿ ತಾಕುವುದೂ ಇಲ್ಲ. ಅಲ್ಯೂಮಿನಿಯಂ ಮಾತ್ರೆಗೆ ಇಳಿಯುತ್ತದೆಯೇ ಎಂದು ಹಲವರು ನನ್ನನ್ನು ಕೇಳಿರುವುದರಿಂದ ಇದನ್ನು ಹೇಳಿದೆ.

ಎರಡನೆಯದು ಸ್ಟ್ರಿಪ್. ಇಲ್ಲಿ ಎರಡೂ ಕಡೆಗೆ ಕಾಯಿಸಿ ಮೃದುಗೊಳಿಸಿದ ಫಾಯಿಲ್ ಇದ್ದು, ಅದರ ಒಳಮೈಗೆ ಪಾಲಿಥೀನ್ ಪದರ ಅಂಟಿರುತ್ತದೆ. ಎರಡು ಬಿಸಿ ಉರುಳೆಗಳ ನಡುವೆ ಮಾತ್ರೆ ಬೀಳುತ್ತಿದ್ದಂತೆ ಸುತ್ತಲಿನ ಪಾಲಿಥೀನ್ ಕರಗಿ ಬೆಸೆದುಕೊಳ್ಳುತ್ತದೆ. ನೀವು ಕಂಡ ಚೌಕಳಿ ಗುರುತು ಆ ಉರುಳೆಗಳ ಮೈಮೇಲಿನ ಗೆರೆಗಳದು. ಅದು ಅಲಂಕಾರಕ್ಕಲ್ಲ, ಬೆಸುಗೆಯ ಹಿಡಿತ ಹೆಚ್ಚಲೆಂದು ಇರುವುದು.

ಮೂರನೆಯದನ್ನು ನಾವು ಆಲು-ಆಲು ಎನ್ನುತ್ತೇವೆ. ಇದರ ಗುಳಿಯಿರುವ ಹಾಳೆಯಲ್ಲಿ ಹೊರಗೆ 25 ಮೈಕ್ರಾನ್ ನೈಲಾನ್, ನಡುವೆ 45 ಮೈಕ್ರಾನ್ ಅಲ್ಯೂಮಿನಿಯಂ, ಒಳಗೆ 60 ಮೈಕ್ರಾನ್ ಪಿವಿಸಿ ಇರುವುದು ವಾಡಿಕೆ. ಇದಕ್ಕೆ ಶಾಖ ಕೊಡುವುದಿಲ್ಲ. ತಣ್ಣಗಿರುವಾಗಲೇ ಅಚ್ಚಿನ ಮೊಳೆಗಳಿಂದ ಒತ್ತಿ ಗುಳಿ ಮಾಡುತ್ತಾರೆ. ಬಿಸಿ ಪ್ಲಾಸ್ಟಿಕ್‌ನಂತೆ ಅಲ್ಯೂಮಿನಿಯಂ ಕಡಿದಾಗಿ ಹಿಗ್ಗುವುದಿಲ್ಲ, ಹಿಗ್ಗಿಸಿದರೆ ಮೂಲೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಗುಳಿಯ ಗೋಡೆಗಳನ್ನು ಇಳಿಜಾರಾಗಿ, ಬಾಯಿಯನ್ನು ಅಗಲವಾಗಿ ಇಡಲೇಬೇಕಾಗುತ್ತದೆ. ಸಣ್ಣ ಮಾತ್ರೆಗೆ ದೊಡ್ಡ ಪಟ್ಟಿ ಕೊಟ್ಟು ಗಿರಾಕಿಗೆ ಮೋಸ ಮಾಡುತ್ತಾರೆಂದು ಜನ ಭಾವಿಸುವುದುಂಟು. ಅದು ಲೋಹದ ಸ್ವಭಾವದಿಂದ ಬಂದ ಆಕಾರ. ಈ ಹೊದಿಕೆ ದುಬಾರಿ. ಬೇರೆ ದಾರಿಯಿದ್ದರೆ ಯಾವ ಕಾರ್ಖಾನೆಯೂ ಇದನ್ನು ಬಳಸಲು ಬಯಸುವುದಿಲ್ಲ. ಸೋಡಿಯಂ ವ್ಯಾಲ್ಪ್ರೊಯೇಟ್ ಗಾಳಿಯಲ್ಲಿರುವ ನೀರನ್ನು ಬಹುಬೇಗ ಹೀರುವ ಲವಣವಾದ್ದರಿಂದ ಅದಕ್ಕೆ ಎರಡೂ ಕಡೆ ಲೋಹ ಬೇಕೇ ಬೇಕು. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ಬರುವ ಕ್ಲಾವುಲನೇಟ್ ಸಹ ಇದೇ ಗುಂಪಿನದು. ತೇವ ತಾಕಿದರೆ ಅದು ಬೇಗ ಕೆಡುತ್ತದೆ.

ನಾವು ದಿನವೂ ಮಾಡುತ್ತಿದ್ದ ಒಂದು ಪರೀಕ್ಷೆಯನ್ನು ಹೇಳಿದರೆ ಈ ಹೊದಿಕೆಯ ಬಗ್ಗೆ ಕಾರ್ಖಾನೆಗೆ ಎಷ್ಟು ಎಚ್ಚರವಿರುತ್ತದೆ ಎಂಬುದು ತಿಳಿಯಬಹುದು. ಯಂತ್ರದಿಂದ ಆಗಾಗ ಕೆಲವು ಪಟ್ಟಿಗಳನ್ನು ತೆಗೆದು, ಮೆಥಿಲೀನ್ ಬ್ಲೂ ಎಂಬ ಕಡುನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ, ಪಾತ್ರೆಯ ಗಾಳಿಯನ್ನು ಪಂಪಿನಿಂದ ಹೊರಗೆಳೆದು, ಸ್ವಲ್ಪ ಹೊತ್ತಿನ ನಂತರ ಮತ್ತೆ ಗಾಳಿ ಬಿಡುತ್ತಿದ್ದೆವು. ಬೆಸುಗೆಯಲ್ಲಿ ಕೂದಲೆಳೆಯಷ್ಟು ದಾರಿಯಿದ್ದರೂ ನೀಲಿ ನೀರು ಗುಳಿಯೊಳಗೆ ನುಗ್ಗಿ ಮಾತ್ರೆಗೆ ಬಣ್ಣ ಹಿಡಿಯುತ್ತಿತ್ತು. ಒಂದೇ ಒಂದು ಗುಳಿ ನೀಲಿಯಾದರೂ ಯಂತ್ರ ನಿಲ್ಲಿಸಿ, ಹಿಂದಿನ ಪರೀಕ್ಷೆಯಿಂದ ಆವರೆಗೆ ಬಂದ ಪಟ್ಟಿಗಳನ್ನೆಲ್ಲ ಪಕ್ಕಕ್ಕಿಡುತ್ತಿದ್ದೆವು. ಹಾಗೆ ಕಾಪಾಡಿದ ಬೆಸುಗೆಯನ್ನು ಭಾನುವಾರ ರಾತ್ರಿ ಒಡೆದು, ಹಬೆ ತುಂಬಿದ ಮನೆಯಲ್ಲಿ ಐದಾರು ದಿನ ಇಡುವುದು ಸಲ್ಲದು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಇದನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ.

ಉತ್ತರ 2: ರಸಾಯನಶಾಸ್ತ್ರ ಮೇಷ್ಟ್ರು, ಗೌರಿಬಿದನೂರು

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಗಟ್ಟಿಯಾಗಿದ್ದರೆ ಸಾಲದೇ ಎಂಬ ಸಂದೇಹ ಓದುಗರಿಗೆ ಬರಬಹುದಾದ್ದರಿಂದ ಸಣ್ಣದೊಂದು ಲೆಕ್ಕವನ್ನು ಮುಂದಿಡುತ್ತೇನೆ.

ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ರಂಧ್ರವಿಲ್ಲದ ವಸ್ತುವಾಗಿ ಕಂಡರೂ, ಅದರ ಉದ್ದುದ್ದ ಅಣುಸರಪಳಿಗಳ ನಡುವಿನ ಸಂದುಗಳಲ್ಲಿ ನೀರಿನ ಅಣು ಮೆಲ್ಲಮೆಲ್ಲನೆ ನುಸುಳಿಕೊಂಡು ಹೋಗಬಲ್ಲದು. 250 ಮೈಕ್ರಾನ್‌ನ ಸಾಧಾರಣ ಪಿವಿಸಿ ಹಾಳೆಯ ಒಂದು ಚದರ ಮೀಟರ್ ಮೂಲಕ, 38 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 90ರ ಆರ್ದ್ರತೆಯಲ್ಲಿ, ದಿನಕ್ಕೆ ಸುಮಾರು 3 ಗ್ರಾಂ ನೀರಾವಿ ದಾಟುತ್ತದೆ. ಒಂದು ಗುಳಿಯ ಮೈ 3 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅಷ್ಟು ತೇವದ ಜಾಗದಲ್ಲಿ ದಿನಕ್ಕೆ ಹತ್ತಿರಹತ್ತಿರ 1 ಮಿಲಿಗ್ರಾಂ ನೀರು ಒಳಗೆ ಬರಬಹುದು. ಗುಳಿ ಮಾಡುವಾಗ ಪ್ಲಾಸ್ಟಿಕ್ ಹಿಗ್ಗಿ ತೆಳುವಾಗಿರುವುದರಿಂದ ಇದು ಇನ್ನೂ ಸ್ವಲ್ಪ ಹೆಚ್ಚೇ ಇದ್ದೀತು. ಇದೇ ಪಿವಿಸಿಗೆ ಪಿವಿಡಿಸಿ ಎಂಬ ಮತ್ತೊಂದು ಪ್ಲಾಸ್ಟಿಕ್‌ನ ಲೇಪನ ಕೊಟ್ಟರೆ ಈ ಪ್ರಮಾಣ ಹಲವು ಪಟ್ಟು ಇಳಿಯುತ್ತದೆ. ಅಲ್ಯೂಮಿನಿಯಂನಲ್ಲಿ ಮಾತ್ರ ಪರಮಾಣುಗಳು ಒತ್ತಾಗಿ ಜೋಡಿಸಿಕೊಂಡಿರುವುದರಿಂದ ನೀರಾವಿ, ಆಮ್ಲಜನಕ, ಬೆಳಕು ಮೂರಕ್ಕೂ ದಾರಿಯಿಲ್ಲ. ಒಂದು ಷರತ್ತಿದೆ: ಹಾಳೆಯಲ್ಲಿ ಸೂಜಿಮೊನೆಯ ತೂತುಗಳು ಇರಕೂಡದು. ಲೋಹವನ್ನು ಬಹಳ ತೆಳುವಾಗಿ ಲಟ್ಟಿಸಿದಾಗ ಇಂತಹ ತೂತುಗಳು ಬೀಳುತ್ತವೆ. 25 ಮೈಕ್ರಾನ್ ಮತ್ತು ಅದಕ್ಕಿಂತ ದಪ್ಪದ ಹಾಳೆಗಳಲ್ಲಿ ಅವು ಬಹುಮಟ್ಟಿಗೆ ಇರುವುದಿಲ್ಲ. ಅಡುಗೆಮನೆಯ ಫಾಯಿಲ್ ಸಾಮಾನ್ಯವಾಗಿ ಇದಕ್ಕಿಂತ ತೆಳುವಾಗಿರುವುದರಿಂದ, ಮಾತ್ರೆಯನ್ನು ಬಿಡಿಸಿ ಆ ಫಾಯಿಲ್‌ನಲ್ಲಿ ಸುತ್ತಿಡುವುದು ಸೀಲು ಮಾಡಿದ ಪಟ್ಟಿಗೆ ಸಮನಾಗಲಾರದು. ಮಡಿಕೆಗಳ ಸಂದಿಯಲ್ಲಿ ಗಾಳಿ ಹೇಗೂ ನುಗ್ಗುತ್ತದೆ.

ನಿಮ್ಮ ಆಸ್ಪಿರಿನ್‌ನ ವಾಸನೆಗೂ ವಿವರಣೆಯಿದೆ. ಆಸ್ಪಿರಿನ್ ಎಂದರೆ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ. ನೀರು ತಾಕಿದಾಗ ಅದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗಿ ಒಡೆಯುತ್ತದೆ, ಅಸಿಟಿಕ್ ಆಮ್ಲವೇ ವಿನಿಗರ್‌ನ ಹುಳಿ. ಅಂದರೆ ನಿಮ್ಮ ಮೂಗಿಗೆ ಬಂದದ್ದು ಔಷಧ ಒಡೆದು ಕೆಡುತ್ತಿರುವುದರ ವಾಸನೆಯೇ. ಆಮ್ಲೋಡಿಪಿನ್ ಬದಲಾಗದಂತೆ ಕಂಡಿದ್ದರಿಂದ ಅದು ಸುರಕ್ಷಿತವೆಂದು ತಿಳಿಯಬೇಡಿ. ಅದು ಬೆಳಕಿಗೆ ಕೆಡುವ ಔಷಧ; ಪಾರದರ್ಶಕ ಡಬ್ಬಿ ಕಿಟಕಿಯ ಬಳಿ ಇದ್ದರೆ ಹೊರನೋಟಕ್ಕೆ ಏನೂ ಕಾಣದೆಯೇ ಒಳಗಿನ ಗುಣ ಕಡಿಮೆಯಾಗಬಹುದು. ಎಲ್ಲ ಮಾತ್ರೆಗಳೂ ಆಸ್ಪಿರಿನ್‌ನಂತೆ ವಾಸನೆ ಬೀರಿ ಎಚ್ಚರಿಸುವುದಿಲ್ಲ.

ರೇಷ್ಮೆ ಸೀಮೆಯವರಾದ್ದರಿಂದ ಇನ್ನೊಂದು ಮಾತು. ಹುಳು ಸಾಕಾಣಿಕೆ ಮನೆಯ ಗೋಡೆಯ ಗೂಡಿನಲ್ಲಿ ಮನೆಮಂದಿಯ ಮಾತ್ರೆಗಳನ್ನೂ ಇಡುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಸೋಂಕು ನಿವಾರಣೆಗೆ ಅಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಬಳಸುತ್ತಾರೆ. ಅಲ್ಯೂಮಿನಿಯಂ ಆಮ್ಲದೊಂದಿಗೂ ಕ್ಷಾರದೊಂದಿಗೂ ವರ್ತಿಸುವ ಲೋಹ. ಗಾಳಿ ತಾಕಿದೊಡನೆ ಅದರ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಮೂಡಿ ಸಾಮಾನ್ಯ ಸ್ಥಿತಿಯಲ್ಲಿ ಅದನ್ನು ಕಾಪಾಡುತ್ತದೆ, ಆದರೆ ಒದ್ದೆ ಸುಣ್ಣ ಆ ಪೊರೆಯನ್ನು ಕರಗಿಸಿಬಿಡುತ್ತದೆ. ತರಗತಿಯಲ್ಲಿ ಫಾಯಿಲ್ ತುಂಡೊಂದನ್ನು ಸುಣ್ಣದ ತಿಳಿನೀರಿಗೆ ಹಾಕಿ, ಅದರ ಮೇಲೆ ಜಲಜನಕದ ಗುಳ್ಳೆಗಳು ಏಳುವುದನ್ನು ಮಕ್ಕಳಿಗೆ ತೋರಿಸುತ್ತೇನೆ. ಪಟ್ಟಿಯ ಮೇಲೆ ಬಿಳಿ ಚುಕ್ಕೆ, ಒರಟು ಕಲೆ ಕಂಡರೆ ಆ ಪಟ್ಟಿಯನ್ನು ಬಳಸಬೇಡಿ. ಹುಣಸೆ, ಟೊಮೆಟೊ, ಉಪ್ಪಿನಕಾಯಿ ಇಡುವ ಜಾಗವೂ ಮಾತ್ರೆಯ ಪಟ್ಟಿಗೆ ತಕ್ಕುದಲ್ಲ.

ಮತ್ತೆ ಪ್ರಶ್ನೆ ಕೇಳಿದವರು: ನೂಲುಮನೆ, ಶಿಡ್ಲಘಟ್ಟ

ಹಿರಿಯರಿಬ್ಬರಿಗೂ ಕೃತಜ್ಞತೆಗಳು. ಆಸ್ಪಿರಿನ್ ವಾಸನೆಯ ಕಾರಣ ಓದಿದಾಗ, ಎಷ್ಟು ವಾರಗಳಿಂದ ಹೀಗೆ ಕೊಡುತ್ತಿದ್ದೆನೋ ಎಂದು ಮನಸ್ಸಿಗೆ ಬಹಳ ನೋವಾಯಿತು. ಇನ್ನು ಮುಂದೆ ಬಿಡಿಸಿಡುವುದಿಲ್ಲ. ಹಾಗಾದರೆ ಪಟ್ಟಿಯನ್ನೇ ಕತ್ತರಿಯಿಂದ ಬಿಡಿಬಿಡಿಯಾಗಿ ಕತ್ತರಿಸಿ, ಪ್ರತಿ ಮಾತ್ರೆಯನ್ನೂ ಅದರ ಗುಳಿಯಲ್ಲಿಯೇ ಉಳಿಸಿ, ಆ ತುಂಡುಗಳನ್ನು ಖಾನೆಗಳಲ್ಲಿ ಇಡಬಹುದೇ?

ಉತ್ತರ 3: ಔಷಧ ಅಂಗಡಿಯವರು, ಚಿಂತಾಮಣಿ

ಇಡಬಹುದು, ಆದರೆ ಕತ್ತರಿಸುವ ರೀತಿ ಸರಿಯಿರಬೇಕು. ಮಾತ್ರೆಯ ಸುತ್ತಲಿನ ಬೆಸುಗೆಯ ಅಂಚೇ ಅದರ ಬೇಲಿ. ಎರಡು ಗುಳಿಗಳ ನಡುವಿನ ಅಂಚಿನ ಸರಿಮಧ್ಯದಲ್ಲಿ ಕತ್ತರಿಸಿದರೆ ಎರಡೂ ಕಡೆಗೆ ಬೆಸುಗೆ ಉಳಿಯುತ್ತದೆ. ಕತ್ತರಿ ಗುಳಿಯ ಹತ್ತಿರಕ್ಕೆ ಸರಿದರೆ ಉಳಿದ ಅಂಚು ಕಿರಿದಾಗಿ ಬಾಯಿ ಬಿಡುತ್ತದೆ. ಸ್ಟ್ರಿಪ್ ಮತ್ತು ಆಲು-ಆಲು ಪಟ್ಟಿಗಳಲ್ಲಿ ಅಂಚು ಅಗಲವಾಗಿರುವುದರಿಂದ ಇದು ಸುಲಭ. ಕೆಲವು ಬ್ಲಿಸ್ಟರ್‌ಗಳಲ್ಲಿ ಗುಳಿಗಳು ಒತ್ತೊತ್ತಾಗಿರುತ್ತವೆ, ಅಲ್ಲಿ ಎರಡೆರಡು ಮಾತ್ರೆಗಳ ತುಂಡು ಮಾಡುವುದೇ ಲೇಸು.

ಅಂಗಡಿಯಲ್ಲಿ ನನಗೆ ನಿತ್ಯವೂ ಎದುರಾಗುವ ಚಿಂತೆ ಬೇರೆಯದು. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ತಿಂಗಳು, ತಯಾರಕರ ಪರವಾನಗಿ ಸಂಖ್ಯೆ ಎಲ್ಲವೂ ಆ ಫಾಯಿಲ್ ಮೇಲೆಯೇ ಅಚ್ಚಾಗಿರುತ್ತವೆ. 2023ರ ಆಗಸ್ಟ್ 1ರಿಂದ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಹೊದಿಕೆಯ ಮೇಲೆ ಬಾರ್ ಕೋಡ್ ಅಥವಾ ಕ್ಯೂಆರ್ ಕೋಡ್ ಇರುವುದೂ ಕಡ್ಡಾಯವಾಗಿದೆ. ಪಟ್ಟಿ ತುಂಡಾದಾಗ ಈ ಗುರುತುಗಳು ಒಂದು ತುಂಡಿನಲ್ಲಿ ಉಳಿದು, ಮಿಕ್ಕವೆಲ್ಲ ಅನಾಮಧೇಯವಾಗುತ್ತವೆ. ಕೂಲಿಯ ದಿನಗಳಲ್ಲಿ ನಾಲ್ಕೇ ಮಾತ್ರೆ ಕೊಡಿ ಎಂದು ಕೇಳುವವರಿಗೆ ನಾನು ದಿನಾಂಕವಿಲ್ಲದ ತುದಿಯಿಂದ ಕತ್ತರಿಸಿ ಕೊಟ್ಟು, ಕಾಗದದ ಕವರಿನ ಮೇಲೆ ಹೆಸರನ್ನೂ ಅವಧಿಯನ್ನೂ ಕೈಯಾರೆ ಬರೆದು ಕೊಡುತ್ತೇನೆ. ನೀವು ಸಹ ದಿನಾಂಕವಿರುವ ತುಂಡನ್ನು ಕೊನೆಯವರೆಗೂ ಉಳಿಸಿಕೊಳ್ಳಿ, ಅಥವಾ ಕತ್ತರಿಸುವ ಮೊದಲು ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಫಾಯಿಲ್ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬೆಳ್ಳಿಬಣ್ಣದ ಹಾಳೆ ಶಾಖವನ್ನೂ ತಡೆಯುತ್ತದೆಂದು ನಂಬಿ, ಬೈಕಿನ ಬಾಕ್ಸಿನಲ್ಲಿಯೋ ಕಾರಿನ ಗಾಜಿನ ಕೆಳಗೋ ಮಾತ್ರೆಗಳನ್ನು ಬಿಟ್ಟು ಸಂತೆ ಮುಗಿಸಿಕೊಂಡು ಬರುವವರಿದ್ದಾರೆ. ಅಲ್ಯೂಮಿನಿಯಂ ಶಾಖವನ್ನು ಬಹುಬೇಗ ಸಾಗಿಸುವ ಲೋಹ, ಅದಕ್ಕಾಗಿಯೇ ಅದರಿಂದ ಅಡುಗೆ ಪಾತ್ರೆ ಮಾಡುತ್ತಾರೆ. ಬಾಗೇಪಲ್ಲಿ, ಪಾವಗಡದ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಫಾಯಿಲ್ ಎಷ್ಟು ದಪ್ಪವಿದ್ದರೂ ಒಳಗಿನ ಮಾತ್ರೆ ಹೊರಗಿನಷ್ಟೇ ಬಿಸಿಯಾಗುತ್ತದೆ. ಪಟ್ಟಿಯ ಮೇಲೆ 25 ಡಿಗ್ರಿ ಅಥವಾ 30 ಡಿಗ್ರಿಯ ಒಳಗೆ ಇಡಿ ಎಂದು ಬರೆದಿರುವುದು ಆ ಕಾರಣಕ್ಕೆ.

ಉತ್ತರ 4: ಶುಶ್ರೂಷಕಿ, ಮಾಲೂರು

ದಯವಿಟ್ಟು ಕತ್ತರಿಸುವ ಮೊದಲು ಇದನ್ನು ಓದಿ. ಕತ್ತರಿಸಿದ ತುಂಡುಗಳನ್ನು ವಯಸ್ಸಾದವರ ಕೈಗೆ ನೇರವಾಗಿ ಕೊಡಬಾರದು. ಕಣ್ಣು ಮಂಜಾದವರು, ಮರೆವಿರುವವರು, ಪಾರ್ಶ್ವವಾಯುವಿನಿಂದ ಬಾಯಿಯ ಸ್ಪರ್ಶಜ್ಞಾನ ಕಡಿಮೆಯಾದವರು ಮಾತ್ರೆಯನ್ನು ಹೊದಿಕೆಯ ಸಮೇತ ನುಂಗಿಬಿಡುವ ಪ್ರಕರಣಗಳು ವೈದ್ಯಕೀಯದಲ್ಲಿ ಚೆನ್ನಾಗಿ ತಿಳಿದಿರುವಂಥವು. ಕತ್ತರಿಸಿದ ಪಿವಿಸಿ ಮತ್ತು ಫಾಯಿಲ್‌ನ ಮೂಲೆಗಳು ಬ್ಲೇಡಿನಂತೆ ಹರಿತವಾಗಿದ್ದು, ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು, ಕರುಳನ್ನು ತೂತು ಮಾಡಬಹುದು. ಅವು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸ್ಪಷ್ಟವಾಗಿ ಕಾಣುವುದೂ ಇಲ್ಲ. ಇಡೀ ಪಟ್ಟಿಯನ್ನು ಯಾರೂ ನುಂಗುವುದಿಲ್ಲ, ಒಂಟಿ ತುಂಡನ್ನು ನುಂಗುತ್ತಾರೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ತುಂಡುಗಳ ನಾಲ್ಕೂ ಮೂಲೆಗಳನ್ನು ಕತ್ತರಿಯಿಂದ ದುಂಡಾಗಿಸಿ. ಆ ಡಬ್ಬಿ ನಿಮ್ಮ ತಂದೆಯವರ ಮಂಚದ ಪಕ್ಕದಲ್ಲಿರದೆ, ಮನೆಯಲ್ಲಿ ಆ ಹೊತ್ತಿಗೆ ಇರುವವರ ಬಳಿ ಇರಲಿ. ನಿಮ್ಮ ತಾಯಿಯವರೋ ನಿಮ್ಮ ಮನೆಯವರೋ ಹೊತ್ತಿಗೆ ಸರಿಯಾಗಿ ಮಾತ್ರೆಯನ್ನು ಚಮಚಕ್ಕೆ ಒತ್ತಿ ತೆಗೆದು, ನೀರಿನೊಂದಿಗೆ ಕೊಟ್ಟು, ಖಾಲಿ ಹೊದಿಕೆಯನ್ನು ಮತ್ತೆ ಅದೇ ಖಾನೆಗೆ ಹಾಕಲಿ. ಸಂಜೆ ನೀವು ಬಂದು ನೋಡಿದರೆ, ಆ ದಿನದ ಖಾನೆಗಳಲ್ಲಿ ಖಾಲಿ ಹೊದಿಕೆಗಳಷ್ಟೇ ಇದ್ದರೆ ಎಲ್ಲ ಮಾತ್ರೆಗಳೂ ಹೊಟ್ಟೆಗೆ ಹೋಗಿವೆ ಎಂದರ್ಥ. ಯಾರೂ ಇಲ್ಲದ ದಿನ ಬಂದರೆ, ಅಂದು ಬೆಳಗಿನ ಒಂದೇ ಹೊತ್ತಿನ ಮಾತ್ರೆಗಳನ್ನು ಒಣಗಿದ ಸಣ್ಣ ಸ್ಟೀಲ್ ಡಬ್ಬಿಗೆ ಬಿಡಿಸಿಟ್ಟು ಹೋಗಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೆಲವು ಗಂಟೆಗಳ ಮಾತು ಬೇರೆ, ಐದಾರು ದಿನಗಳ ಮಾತು ಬೇರೆ. ಫಿಟ್ಸ್ ಮಾತ್ರೆಯ ಒಂದು ಹೊತ್ತು ತಪ್ಪುವುದೂ ಅಪಾಯವಾದ್ದರಿಂದ, ಫಾಯಿಲ್ ಉಳಿಸುವ ಭರದಲ್ಲಿ ಹೊತ್ತು ತಪ್ಪಿಸಬೇಡಿ.

ನೀವು ಡಬ್ಬಿಯಿಂದ ಮಾಡಲು ಹೊರಟಿದ್ದನ್ನು ಫಾಯಿಲ್ ಪಟ್ಟಿಯೇ ಮಾಡಿಕೊಡುವ ಉದಾಹರಣೆಗಳು ನಮ್ಮ ಸರ್ಕಾರಿ ಆರೋಗ್ಯ ಸೇವೆಯಲ್ಲಿಯೇ ಇವೆ. ಕುಷ್ಠರೋಗಕ್ಕೆ ಕೊಡುವ ಎಂಡಿಟಿ (ಬಹು ಔಷಧ ಚಿಕಿತ್ಸೆ) ಔಷಧಗಳು 28 ದಿನಗಳ ಬ್ಲಿಸ್ಟರ್ ಪಟ್ಟಿಯಾಗಿ ಬರುತ್ತವೆ. ತಿಂಗಳಿಗೊಮ್ಮೆ ಸಿಬ್ಬಂದಿಯ ಎದುರಿನಲ್ಲಿ ನುಂಗಬೇಕಾದ ಮಾತ್ರೆಗಳು ಮತ್ತು ಮನೆಯಲ್ಲಿ ದಿನವೂ ತೆಗೆದುಕೊಳ್ಳಬೇಕಾದ ಮಾತ್ರೆಗಳು ಒಂದೇ ಪಟ್ಟಿಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಇರುತ್ತವೆ. ಮಾಲಾ-ಡಿ ಎಂಬ ಗರ್ಭನಿರೋಧಕ ಮಾತ್ರೆಯ ಪಟ್ಟಿಯಲ್ಲಿಯೂ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ ಸೇರಿ 28 ಇರುತ್ತವೆ. ಅಕ್ಷರ ಬಾರದ ಹೆಣ್ಣುಮಕ್ಕಳೂ ಖಾಲಿ ಗುಳಿಗಳನ್ನು ನೋಡಿ ಎಲ್ಲಿಯವರೆಗೆ ಬಂದಿದ್ದೇವೆಂದು ತಪ್ಪಿಲ್ಲದೆ ಹೇಳುವುದನ್ನು ನಾನು ಕಂಡಿದ್ದೇನೆ. ನಿತ್ಯ ಹಲವು ಮಾತ್ರೆ ನುಂಗುವ ವೃದ್ಧರಿಗೂ ಅಂತಹ ಪಟ್ಟಿಗಳು ಬರಬೇಕೆಂಬುದು ನನ್ನ ಬಹುದಿನಗಳ ಆಸೆ.

ಉತ್ತರ 5: ಪ್ಯಾಕಿಂಗ್ ವಿಭಾಗದ ನಿವೃತ್ತ, ತುಮಕೂರು

ಮಾಲೂರಿನ ತಾಯಿಯವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಕತ್ತರಿಸುವ ವಿಷಯದಲ್ಲಿ ನಾನೇ ಎಚ್ಚರಿಸಬೇಕಿತ್ತು.

ಖಾಲಿ ಹೊದಿಕೆಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ನೂಲುಮನೆಗಳಲ್ಲಿ ಹಗಲಿಡೀ ಒಲೆ ಉರಿಯುತ್ತಿರುತ್ತದೆ ಮತ್ತು ಕೈಗೆ ಸಿಕ್ಕ ಕಸವೆಲ್ಲ ಅದಕ್ಕೆ ಬೀಳುವುದು ಸಹಜ. ಬ್ಲಿಸ್ಟರ್‌ನಲ್ಲಿರುವ ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಬರುತ್ತದೆ, ಅರೆಬರೆ ಉರಿಯಲ್ಲಿ ಡಯಾಕ್ಸಿನ್‌ನಂತಹ ವಿಷಗಳೂ ಹುಟ್ಟುತ್ತವೆ. ಒಲೆಯ ಹೊಗೆಯಲ್ಲಿಯೇ ಇಡೀ ದಿನ ಕೂರುವ ಕೆಲಸಗಾರರ ಎದೆಗೆ ಅದು ಸೇರಬಾರದು. ಅಲ್ಯೂಮಿನಿಯಂ ಎಷ್ಟು ಸಲ ಕರಗಿಸಿದರೂ ಗುಣ ಕಳೆದುಕೊಳ್ಳದ ಲೋಹ. ಅದಿರಿನಿಂದ ಹೊಸದಾಗಿ ತಯಾರಿಸಲು ಬೇಕಾದ ಶಕ್ತಿಯ ಸುಮಾರು ಶೇ 5ರಷ್ಟರಲ್ಲಿಯೇ ಅದನ್ನು ಮತ್ತೆ ಕರಗಿಸಬಹುದು. ಆದರೆ ಮಾತ್ರೆಯ ಪಟ್ಟಿಯಲ್ಲಿ ಅದು ಪ್ಲಾಸ್ಟಿಕ್‌ಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಗುಜರಿಯವರು ಕೊಳ್ಳುವುದಿಲ್ಲ. ಔಷಧವನ್ನು ಇಷ್ಟು ಚೆನ್ನಾಗಿ ಕಾಪಾಡುವ ಆ ಬೆಸುಗೆಯೇ ಮರುಬಳಕೆಗೆ ಅಡ್ಡಿಯಾಗಿರುವುದು ನಮ್ಮ ಉದ್ಯಮ ಇನ್ನೂ ಬಿಡಿಸಬೇಕಾದ ಗಂಟು. ಸದ್ಯಕ್ಕೆ ಖಾಲಿ ಪಟ್ಟಿಗಳನ್ನು ಒಣಕಸದಲ್ಲಿ ಹಾಕಿ. ಕೆಟ್ಟ ಮಾತ್ರೆಗಳನ್ನು ಮಾತ್ರ ಕಸದಲ್ಲಾಗಲೀ ಚರಂಡಿಯಲ್ಲಾಗಲೀ ಹಾಕದೆ, ಅಂಗಡಿಯವರನ್ನು ಅಥವಾ ಆಸ್ಪತ್ರೆಯವರನ್ನು ಕೇಳಿ ಅವರು ಹೇಳಿದಲ್ಲಿಗೆ ಕೊಡಿ.

ಮತ್ತೆ ಪ್ರಶ್ನೆ ಕೇಳಿದವರು: ನೂಲುಮನೆ, ಶಿಡ್ಲಘಟ್ಟ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ವ್ಯಾಲ್ಪ್ರೊಯೇಟ್ ಮತ್ತು ಆಸ್ಪಿರಿನ್ ಪಟ್ಟಿಗಳನ್ನು ಅಂಚಿನ ನಡುವೆ ಕತ್ತರಿಸಿ, ಮೂಲೆಗಳನ್ನು ದುಂಡಾಗಿಸಿ, ಖಾನೆಗಳಲ್ಲಿ ಇಟ್ಟಿದ್ದೇವೆ. ಆಮ್ಲೋಡಿಪಿನ್‌ನ ಗುಳಿಗಳು ಬಹಳ ಹತ್ತಿರವಿದ್ದುದರಿಂದ ಅದನ್ನು ಕತ್ತರಿಸದೆ, ಇಡೀ ಪಟ್ಟಿಯ ಹಿಂಬದಿಗೆ ದಿನಗಳ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದೇವೆ. ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು, ಹಬೆಯೂ ಬಿಸಿಲೂ ತಲುಪದ ಮುಂದಿನ ಕೋಣೆಯ ಬೀರುವಿನಲ್ಲಿ ಇಟ್ಟಾಗಿದೆ. ನನ್ನ ಪತ್ನಿ ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ ಚಮಚಕ್ಕೆ ಒತ್ತಿ ಕೊಡುತ್ತಾಳೆ. ತಂದೆಯವರು ಮೊದಲ ಎರಡು ದಿನ, ತಾನೇ ತೆಗೆದುಕೊಳ್ಳಬಲ್ಲೆ ಎಂದು ಬೇಸರಪಟ್ಟರು. ಈಗ ಖಾಲಿ ಹೊದಿಕೆಗಳನ್ನು ಖಾನೆಗೆ ಹಾಕಿ ಎಣಿಸಿ ಹೇಳುವ ಕೆಲಸವನ್ನು ಅವರೇ ಎಡಗೈಯಲ್ಲಿ ಮಾಡುತ್ತಾರೆ.

ನಿನ್ನೆ ಒತ್ತಿ ತೆಗೆದ ವ್ಯಾಲ್ಪ್ರೊಯೇಟ್ ಮಾತ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಒಣಗಿಯೇ ಇತ್ತು. ಮುಂದಿನ ತಿಂಗಳು ವೈದ್ಯರನ್ನು ಕಾಣುವಾಗ, ಯಾರೂ ಇಲ್ಲದ ಬೆಳಗಿನ ವಿಷಯವನ್ನು ಕೇಳಿ ಇಲ್ಲಿ ತಿಳಿಸುತ್ತೇನೆ.